ದೀವಳಿಗೆಯ ತಿಥಿ: ಪುರಾಣ, ಶಾಸನ ಮತ್ತು ಆಚರಣೆ

ಕೇಂದ್ರ ಸರ್ಕಾರದ ರಜೆಗಳ ಪಟ್ಟಿಯಲ್ಲಿ ದೀಪಾವಳಿಗೆ ಒಂದೇ ಹೆಸರು, ಒಂದೇ ದಿನ. ಕರ್ನಾಟಕ ಸರ್ಕಾರದ ಈಚಿನ ವರ್ಷಗಳ ಪಟ್ಟಿಯಲ್ಲಿ ಅದು ನರಕ ಚತುರ್ದಶಿ, ಬಲಿಪಾಡ್ಯಮಿ ಎಂದು ಎರಡಾಗಿ ಕಾಣಿಸಿಕೊಳ್ಳುತ್ತದೆ. ಈ ಎರಡು ರಜೆಗಳ ನಡುವೆ ಬರುವ ಅಮಾವಾಸ್ಯೆಯ ನಸುಕಿನಲ್ಲಿ ಬಸದಿಗಳಲ್ಲಿ ನಿರ್ವಾಣಪೂಜೆ ನಡೆದು, ವರ್ಧಮಾನ ಮಹಾವೀರನಿಗೆ ಲಾಡು ಅರ್ಪಿತವಾಗುತ್ತದೆ; ಸಂಜೆ ಗೌತಮ ಗಣಧರನ ಪೂಜೆಯಾಗಿ ದೀಪಗಳು ಬೆಳಗುತ್ತವೆ. ಒಂದೇ ಹಬ್ಬವನ್ನು ಒಬ್ಬರು ನರಕಾಸುರನ ವಧೆಯೊಡನೆಯೂ ಇನ್ನೊಬ್ಬರು ಬಲಿಚಕ್ರವರ್ತಿಯ ಬರವಿನೊಡನೆಯೂ ಮತ್ತೊಬ್ಬರು ಜಿನನಿರ್ವಾಣದೊಡನೆಯೂ ಕೂಡಿಸಿ ಹೇಳುವುದು ಎಲ್ಲರೂ ಬಲ್ಲ ಸಂಗತಿಯೇ. ಇವುಗಳಲ್ಲಿ ಯಾವುದು ಮೊದಲು ಎಂಬ ವಾದವೂ ಹಳೆಯದು. ಆ ವಾದದಲ್ಲಿ ನಮ್ಮ ಕಡೆಯವರು ಜಿನಸೇನಾಚಾರ್ಯರ ‘ಹರಿವಂಶಪುರಾಣ’ವನ್ನು ಮುಂದಿಟ್ಟು, ದೀಪಾವಳಿಯು ಮೂಲತಃ ಜೈನರ ಹಬ್ಬವೆಂದು ಸಾಧಿಸುವುದುಂಟು. ಆ ಗ್ರಂಥ ನಿಜವಾಗಿ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ನೋಡುವುದು ಈ ಲೇಖನದ ಮೊದಲ ಉದ್ದೇಶ. ಹಸ್ತಪ್ರತಿಗಳ ಕಾಲನಿರ್ಣಯಕ್ಕೆ ಈ ತಿಥಿಯಿಂದ ಒದಗುವ ಪಾಠವನ್ನು ಗುರುತಿಸುವುದು ಎರಡನೆಯದು. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ನೆಲೆಯಿಂದ ಈ ವಿಷಯವನ್ನು ಪರಿಶೀಲಿಸಲು ತಕ್ಕ ಕಾರಣಗಳಿವೆ. ಅವು ಮುಂದೆ ತಾವಾಗಿಯೇ ತೋರಿಬರುತ್ತವೆ.

1. ಹರಿವಂಶಪುರಾಣದ ಸಾಕ್ಷ್ಯ

ಪುನ್ನಾಟ ಸಂಘದ ಜಿನಸೇನರು ತಮ್ಮ ‘ಹರಿವಂಶಪುರಾಣ’ವನ್ನು ಶಕ 705ರಲ್ಲಿ, ಅಂದರೆ ಕ್ರಿ.ಶ. 783ರಲ್ಲಿ, ವರ್ಧಮಾನಪುರದಲ್ಲಿ ರಚಿಸಿದರು. ‘ಆದಿಪುರಾಣ’ವನ್ನು ಬರೆದ ಸೇನಸಂಘದ ಜಿನಸೇನರು ಬೇರೆ, ಇವರು ಬೇರೆ. ಗ್ರಂಥ ರಚಿತವಾದ ಸ್ಥಳ ಪಶ್ಚಿಮ ಭಾರತದ್ದಾದರೂ ಆಚಾರ್ಯರ ಸಂಘದ ಹೆಸರು ಕನ್ನಡನಾಡಿನದು. ಕಪಿನೀ ನದಿಯ ಆಸುಪಾಸಿನ ಪ್ರಾಚೀನ ಪುನ್ನಾಟ ದೇಶದಿಂದ ಬಂದುದು. ಮಹಾವೀರನು ಪಾವಾನಗರದಲ್ಲಿ ನಿರ್ವಾಣ ಹೊಂದಿದಾಗ ದೇವತೆಗಳು ಉರಿಸಿದ ದೀಪಗಳ ಸಾಲಿನಿಂದ ಆ ನಗರವು ಎಲ್ಲೆಡೆಯೂ ಪ್ರಕಾಶಿಸಿತೆಂದೂ, ಅಂದಿನಿಂದ ಭಾರತದ ಜನರು ಪ್ರತಿವರ್ಷ ಜಿನೇಶ್ವರನನ್ನು ಪೂಜಿಸಲು ಅಣಿಯಾಗುತ್ತಾರೆಂದೂ ಅವರು ಹೇಳುತ್ತಾರೆ. ಹಬ್ಬಕ್ಕೆ ಅವರು ಬಳಸುವ ಹೆಸರು ‘ದೀಪಾಲಿಕಾ’.

ಈ ಹೆಸರು ಕನ್ನಡಿಗರಿಗೆ ಹೊರಗಿನದಲ್ಲ. ‘ದೀಪಿಕಾ’ ಎಂಬುದು ನಮ್ಮಲ್ಲಿ ‘ದೀವಿಗೆ’ ಆದಂತೆ, ‘ದೀಪಾಲಿಕಾ’ ಎಂಬುದು ‘ದೀವಳಿಗೆ’ ಆಗಿದೆ. ಪಕಾರವು ವಕಾರವಾಗುವುದೂ ಕೊನೆಯ ಕಕಾರವು ಗಕಾರವಾಗುವುದೂ ತದ್ಭವಗಳಲ್ಲಿ ಪರಿಚಿತವಾದ ಕ್ರಮ. ಇಂಡಿ, ಸಿಂದಗಿಗಳ ಹಳ್ಳಿಯವರು ‘ದೀವಳಿಗಿ’ ಎನ್ನುವಾಗ, ಪುಸ್ತಕದ ‘ದೀಪಾವಳಿ’ಗಿಂತ ಜಿನಸೇನರ ಶಬ್ದಕ್ಕೇ ಹತ್ತಿರವಾದ ರೂಪವನ್ನು ಉಚ್ಚರಿಸುತ್ತಾರೆ.

ಆದರೆ ಜಿನಸೇನರು ಆ ಶಬ್ದಕ್ಕೆ ಒಂದು ವಿಶೇಷಣವನ್ನು ಸೇರಿಸಿದ್ದಾರೆ. ಅವರು ಅದನ್ನು ‘ಪ್ರಸಿದ್ಧ’ವಾದ ದೀಪಾಲಿಕೆ ಎನ್ನುತ್ತಾರೆ. ವಾದದ ಭರದಲ್ಲಿ ಈ ಒಂದು ಪದವನ್ನು ನಾವು ಕಡೆಗಣಿಸುತ್ತ ಬಂದಿದ್ದೇವೆ. 783ರಲ್ಲಿ ಗ್ರಂಥಕರ್ತನು ಹಬ್ಬವನ್ನು ಪ್ರಸಿದ್ಧವೆಂದು ಕರೆಯುತ್ತಾನೆಂದರೆ, ಓದುಗರೆಲ್ಲರೂ ಬಲ್ಲ, ಆಗಲೇ ಬೇರೂರಿದ್ದ ಒಂದು ಆಚರಣೆಗೆ ಅವನು ಕಾರಣವನ್ನು ಕೊಡುತ್ತಿದ್ದಾನೆ ಎಂದೇ ತಿಳಿಯಬೇಕು. ಏಳನೆಯ ಶತಮಾನದ ಹರ್ಷನ ‘ನಾಗಾನಂದ’ ನಾಟಕದಲ್ಲಿ ‘ದೀಪಪ್ರತಿಪದುತ್ಸವ’ದ ಮಾತು ಬರುತ್ತದೆ, ಅಲ್ಲಿ ಅದು ಹೊಸದಾಗಿ ಮದುವೆಯಾದ ದಂಪತಿಗಳಿಗೆ ಉಡುಗೊರೆ ಕೊಡುವ ಹಬ್ಬ. ಆದುದರಿಂದ ‘ಹರಿವಂಶಪುರಾಣ’ವು ಹಬ್ಬದ ಹುಟ್ಟಿಗೆ ಸಾಕ್ಷಿಯಲ್ಲ, ಹಬ್ಬಕ್ಕೆ ಜೈನರು ಕೊಟ್ಟ ಅರ್ಥಕ್ಕೆ ಖಚಿತವಾದ ಕಾಲವನ್ನು ಒದಗಿಸುವ ಸಾಕ್ಷಿ. ಹೀಗೆಂದರೆ ಆ ಗ್ರಂಥದ ಬೆಲೆ ಕುಗ್ಗುವುದಿಲ್ಲ. ಇದ್ದ ಹಬ್ಬವನ್ನು ಅಲ್ಲಗಳೆಯದೆ ಅದರೊಳಗೆ ತಮ್ಮ ತತ್ತ್ವಕ್ಕೆ ಎಡೆ ಮಾಡಿಕೊಂಡ ಆಚಾರ್ಯರ ವಿವೇಕ ಅಲ್ಲಿ ಕಾಣುತ್ತದೆ.

ಶ್ವೇತಾಂಬರರ ‘ಕಲ್ಪಸೂತ್ರ’ದಲ್ಲಿ ಈ ಅರ್ಥವು ಇನ್ನೂ ತಿಳಿಯಾಗಿದೆ. ಅದರಂತೆ ಮಲ್ಲಕಿಗಳು ಒಂಬತ್ತು, ಲಿಚ್ಛವಿಗಳು ಒಂಬತ್ತು, ಒಟ್ಟು ಕಾಶಿ ಕೋಸಲಗಳ ಹದಿನೆಂಟು ಗಣರಾಜರು ಆ ಅಮಾವಾಸ್ಯೆಯಂದು ಪೋಷಧವ್ರತದಲ್ಲಿದ್ದರು. ಜ್ಞಾನದ ಬೆಳಕಾದ ‘ಭಾವೋದ್ಯೋತ’ವು ಹೋಯಿತೆಂದು, ಅದರ ಸ್ಥಾನದಲ್ಲಿ ‘ದ್ರವ್ಯೋದ್ಯೋತ’ವನ್ನಾದರೂ, ಎಂದರೆ ಎಣ್ಣೆಬತ್ತಿಯ ಬೆಳಕನ್ನಾದರೂ, ಉಂಟುಮಾಡೋಣವೆಂದು ಅವರು ನಿಶ್ಚಯಿಸಿದರು. ಈ ಕಥನದಲ್ಲಿ ದೀಪವು ಗೆಲವಿನ ಗುರುತಲ್ಲ, ಕಳೆದುಹೋದುದರ ನೆನಪು. ನಮ್ಮ ಹಬ್ಬಕ್ಕೆ ಉಳಿದ ಕಥೆಗಳಿಂದ ಇರುವ ನಿಜವಾದ ಭೇದವು ಇದು.

2. ಕಾರ್ತಿಕವೋ ಆಶ್ವೀಜವೋ

ಯತಿವೃಷಭರ ‘ತಿಲೋಯಪಣ್ಣತ್ತಿ’, ಗುಣಭದ್ರರ ‘ಉತ್ತರಪುರಾಣ’ ಮೊದಲಾದ ದಿಗಂಬರ ಗ್ರಂಥಗಳೆಲ್ಲ ನಿರ್ವಾಣದ ಕಾಲವನ್ನು ಕಾರ್ತಿಕ ಕೃಷ್ಣ ಚತುರ್ದಶಿಯ ಇರುಳು ಕಳೆಯುವ ಹೊತ್ತು, ಸ್ವಾತಿ ನಕ್ಷತ್ರ ಎಂದು ಕೊಡುತ್ತವೆ. ಆದರೆ ಕನ್ನಡಿಗರ ದೀವಳಿಗೆಯು ಆಶ್ವೀಜ ಬಹುಳದಲ್ಲಿ ಬರುತ್ತದೆ. ಈ ಎರಡನ್ನು ಒಟ್ಟಿಗೆ ನೋಡಿದವರಿಗೆ ಒಂದು ತಿಂಗಳ ಅಂತರ ಬಿದ್ದಂತೆ ತೋರುವುದು ಸಹಜ.

ಅಂತರ ಹೆಸರಿನಲ್ಲಿದೆಯೇ ಹೊರತು ದಿನದಲ್ಲಿಲ್ಲ. ಉತ್ತರ ಭಾರತದಲ್ಲಿ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ. ಆದುದರಿಂದ ಆಶ್ವೀಜದ ಹುಣ್ಣಿಮೆ ಕಳೆದ ಮರುದಿನವೇ ಅಲ್ಲಿ ಕಾರ್ತಿಕ ಕೃಷ್ಣಪಕ್ಷ ಮೊದಲಾಗುತ್ತದೆ. ನಮ್ಮಲ್ಲಿ ತಿಂಗಳು ಅಮಾವಾಸ್ಯೆಗೆ ಮುಗಿಯುವುದರಿಂದ ಅದೇ ಹದಿನೈದು ದಿನಗಳಿಗೆ ಆಶ್ವೀಜ ಬಹುಳವೆಂದು ಹೆಸರು. ಮೊದಲನೆಯದು ಪೂರ್ಣಿಮಾಂತ ಗಣನೆ, ಎರಡನೆಯದು ಅಮಾಂತ ಗಣನೆ. ಶುಕ್ಲಪಕ್ಷದಲ್ಲಿ ಎರಡಕ್ಕೂ ಭೇದವಿಲ್ಲ. ಆದುದರಿಂದಲೇ ಚೈತ್ರ ಶುದ್ಧ ತ್ರಯೋದಶಿಯ ಮಹಾವೀರ ಜಯಂತಿಗೆ ಈ ತೊಡಕು ಬರುವುದಿಲ್ಲ, ನಿರ್ವಾಣಕ್ಕೆ ಬರುತ್ತದೆ.

ಇಲ್ಲಿ ವಿಚಾರಿಸಬೇಕಾದ ಸಂಗತಿಯೊಂದಿದೆ. ಗುಣಭದ್ರರ ಗ್ರಂಥವು 898ರಲ್ಲಿ ಕನ್ನಡನಾಡಿನ ಬಂಕಾಪುರದಲ್ಲಿ ಪೂಜೆಗೊಂಡಿತು. ಹಾಗಿದ್ದೂ ಅದರಲ್ಲಿ ಕಾರ್ತಿಕ ಕೃಷ್ಣವೆಂಬ ಮಾತೇ ನಿಂತಿದೆ. ಆಚಾರ್ಯರು ತಿಥಿಯನ್ನು ತಮ್ಮ ನೆರೆಹೊರೆಯ ಪಂಚಾಂಗದಿಂದ ಎತ್ತಿಕೊಳ್ಳಲಿಲ್ಲ. ಪರಂಪರೆಯಿಂದ ಬಂದ ಪಾಠವನ್ನು ಇದ್ದಂತೆಯೇ ಉಳಿಸಿಕೊಂಡರು. ಶ್ರಾವಕರು ಮಾತ್ರ ತಮ್ಮೂರಿನ ಲೆಕ್ಕದಂತೆ ಆಶ್ವೀಜದ ಅಮಾವಾಸ್ಯೆಗೆ ಹಬ್ಬ ಮಾಡಿದರು. ಗ್ರಂಥದ ತಿಂಗಳು ಮಗಧದ್ದು, ಮನೆಯ ತಿಂಗಳು ಕನ್ನಡನಾಡಿನದು. ಚಂದ್ರನು ಒಬ್ಬನೇ ಆದುದರಿಂದ ಇಬ್ಬರಿಗೂ ಹಬ್ಬ ತಪ್ಪಲಿಲ್ಲ.

ಹಸ್ತಪ್ರತಿಗಳನ್ನು ಸಂಪಾದಿಸುವವರಿಗೆ ಇದರಿಂದ ಎರಡು ಎಚ್ಚರಿಕೆಗಳು ದೊರೆಯುತ್ತವೆ. ಕಥಾಭಾಗದಲ್ಲಿ ಬರುವ ‘ಕಾರ್ತಿಕ ಕೃಷ್ಣ’ವನ್ನು ಲಿಪಿಕಾರನ ತಪ್ಪೆಂದು ಭಾವಿಸಿ ‘ಆಶ್ವೀಜ’ವೆಂದು ತಿದ್ದಬಾರದು, ಪ್ರತಿಯೊಂದರಲ್ಲಿ ‘ಆಶ್ವೀಜ’ವೆಂದೇ ಇದ್ದರೆ ಅದು ಕನ್ನಡ ಲಿಪಿಕಾರನ ತಿದ್ದುಪಡಿಯಾಗಿರಬಹುದೆಂದು ಪಾಠಾಂತರವಾಗಿ ದಾಖಲಿಸಬೇಕು. ಇದಕ್ಕೆ ಪ್ರತಿಯಾಗಿ, ಪ್ರತಿಯ ಕೊನೆಯಲ್ಲಿ ಕನ್ನಡ ಲಿಪಿಕಾರನು ತಾನು ಬರೆದು ಮುಗಿಸಿದ ದಿನವನ್ನು ‘ಕಾರ್ತಿಕ ಬಹುಳ’ವೆಂದು ಕೊಟ್ಟಿದ್ದರೆ, ಅದು ಸಾಮಾನ್ಯವಾಗಿ ಅಮಾಂತದ ಕಾರ್ತಿಕ, ದೀವಳಿಗೆ ಕಳೆದು ಒಂದು ತಿಂಗಳ ಅನಂತರದ ಪಕ್ಷ. ಒಂದೇ ಕಟ್ಟಿನೊಳಗೆ ಕಥೆಯ ಕಾರ್ತಿಕವೂ ಲಿಪಿಕಾರನ ಕಾರ್ತಿಕವೂ ಬೇರೆ ಬೇರೆಯಾಗಿರಬಲ್ಲವು. ವಾರವನ್ನೂ ನಕ್ಷತ್ರವನ್ನೂ ಕೂಡಿಸಿ ಪರೀಕ್ಷಿಸದೆ ಕ್ರಿಸ್ತಶಕದ ದಿನಾಂಕವನ್ನು ಕೊಡುವುದು ಅಪಾಯಕರ.

ನಿರ್ವಾಣದ ತಿಥಿಯು ಕಾಲಗಣನೆಗೂ ಆಧಾರವಾಗಿದೆ. ಮಹಾವೀರನ ನಿರ್ವಾಣವಾಗಿ 605 ವರ್ಷ 5 ತಿಂಗಳು ಕಳೆದ ಮೇಲೆ ಶಕರಾಜನು ಬಂದನೆಂದು ‘ಹರಿವಂಶಪುರಾಣ’ದಲ್ಲಿಯೂ, ಚಾವುಂಡರಾಯನ ಗುರುಗಳಾದ ನೇಮಿಚಂದ್ರರ ‘ತ್ರಿಲೋಕಸಾರ’ದಲ್ಲಿಯೂ ಹೇಳಿದೆ. ಈ ಐದು ತಿಂಗಳು ಎಲ್ಲಿಂದ ಬಂದವು? ದೀವಳಿಗೆಯ ಮರುದಿನದ ಕಾರ್ತಿಕ ಶುದ್ಧ ಪಾಡ್ಯದಿಂದ ಯುಗಾದಿಯ ಚೈತ್ರ ಶುದ್ಧ ಪಾಡ್ಯದವರೆಗೆ ಎಣಿಸಿದರೆ ಸರಿಯಾಗಿ ಐದು ತಿಂಗಳಾಗುತ್ತದೆ. ವೀರನಿರ್ವಾಣ ಸಂವತ್ಸರವು ದೀವಳಿಗೆಯ ಮರುದಿನ ಹುಟ್ಟುತ್ತದೆ, ಶಾಲಿವಾಹನ ಶಕದ ವರ್ಷವು ಯುಗಾದಿಗೆ ಹುಟ್ಟುತ್ತದೆ. ಪ್ರಾಚೀನರ ಲೆಕ್ಕದಲ್ಲಿ ಈ ಎರಡು ಹಬ್ಬಗಳ ನಡುವಣ ದೂರವೇ ಅಡಕವಾಗಿದೆ. ಇಂದು ರೂಢಿಯಲ್ಲಿರುವ ಗಣನೆಯಂತೆ ದೀವಳಿಗೆಯಿಂದ ಫಾಲ್ಗುಣದ ಕೊನೆಯವರೆಗೆ ಶಕವರ್ಷಕ್ಕೆ 605ನ್ನೂ, ಯುಗಾದಿಯಿಂದ ದೀವಳಿಗೆಯವರೆಗೆ 604ನ್ನೂ ಕೂಡಿಸಿದರೆ ವೀರನಿರ್ವಾಣ ವರ್ಷ ದೊರೆಯುತ್ತದೆ. ಶಕ 1947ರ ದೀವಳಿಗೆ, ಎಂದರೆ 2025ರ ಅಕ್ಟೋಬರಿನ ಹಬ್ಬ, ಕಳೆದಾಗ ವೀರನಿರ್ವಾಣ 2552 ಮೊದಲಾಯಿತು. ಈ ಗಣನೆಯಲ್ಲಿ ನಿರ್ವಾಣದ ವರ್ಷ ಕ್ರಿ.ಪೂ. 527. 1974ರ ದೀವಳಿಗೆಯಿಂದ ಒಂದು ವರ್ಷ ದೇಶದಾದ್ಯಂತ ನಡೆದ 2500ನೆಯ ನಿರ್ವಾಣ ಮಹೋತ್ಸವಕ್ಕೂ ಇದೇ ಲೆಕ್ಕವು ಆಧಾರವಾಗಿತ್ತು.

3. ಸಾಲೋಟಗಿಯ ದೀಪಭೂಮಿ

ಇನ್ನು ಈ ನಾಲ್ಕು ತಾಲ್ಲೂಕುಗಳ ಕಡೆಗೆ ಬರೋಣ. ಈ ಪ್ರದೇಶದ ಗಣನೀಯ ಭಾಗವು ಪ್ರಾಚೀನ ತರ್ದವಾಡಿ ಸಾಸಿರಕ್ಕೆ ಸೇರಿದ್ದಿತು. ಆ ಹೆಸರು ಭೀಮಾತೀರದ ತದ್ದೇವಾಡಿ ಗ್ರಾಮದಲ್ಲಿ ಇಂದಿಗೂ ಉಳಿದಿದೆ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಆಳ್ವಿಕೆಯ ಎರಡು ಮುಖ್ಯ ಶಾಸನಗಳು ಇಲ್ಲಿ ದೊರೆತಿವೆ. ಒಂದು ಇಂಡಿ ತಾಲ್ಲೂಕಿನ ಸಾಲೋಟಗಿಯ 945ರ ಸ್ತಂಭಶಾಸನ, ಮತ್ತೊಂದು ಬಸವನ ಬಾಗೇವಾಡಿ ತಾಲ್ಲೂಕಿನ ನರಸಲಗಿಯ 965ರ ಶಾಸನ.

ಸಾಲೋಟಗಿಯ ಹಳೆಯ ಹೆಸರು ಪಾವಿಟ್ಟಗೆ. ಕೃಷ್ಣನ ಮಂತ್ರಿಯಾದ ನಾರಾಯಣನು ಅಲ್ಲಿ ಕಟ್ಟಿಸಿದ ಶಾಲೆಗೆ ಬೇರೆ ಬೇರೆ ನಾಡುಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಸೂರ್ಯಗ್ರಹಣದ ಪರ್ವದಲ್ಲಿ ಆ ಶಾಲೆಗೆ 500 ನಿವರ್ತನ ಭೂಮಿಯನ್ನೂ, ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳನ್ನೂ, ಉಪಾಧ್ಯಾಯನಿಗೆ 50 ನಿವರ್ತನವನ್ನೂ ಬಿಡಲಾಯಿತು. ಇವುಗಳ ಜೊತೆಗೆ ದೀಪದ ವೆಚ್ಚಕ್ಕೆಂದೇ 12 ನಿವರ್ತನ ಭೂಮಿ ಬೇರೆಯಾಗಿ ಸಂದಿತು. ಊರವರು ಮದುವೆ, ಉಪನಯನ, ಚೌಲಗಳ ಸಂದರ್ಭದಲ್ಲಿ ಶಾಲೆಗೆ ಹಣ ಸಲ್ಲಿಸಬೇಕೆಂಬ ಕಟ್ಟಳೆಯೂ ಆಯಿತು. ಅದು ಜೈನರ ಸಂಸ್ಥೆಯಲ್ಲ. ತ್ರೈಪುರುಷ ದೇವರ ಸನ್ನಿಧಿಯಲ್ಲಿದ್ದ ವೈದಿಕ ಶಾಲೆ. ಆ ದೀಪವೂ ದೀವಳಿಗೆಯದಲ್ಲ, ವರ್ಷವಿಡೀ ಉರಿಯಬೇಕಾದುದು. ಆದರೂ ನಮ್ಮ ಪ್ರಸ್ತಾಪಕ್ಕೆ ಅದು ಸಲ್ಲುತ್ತದೆ. ಓದಿಗೆ ಬೆಳಕು ಬೇಕು, ಬೆಳಕಿಗೆ ಎಣ್ಣೆ ಬೇಕು, ಎಣ್ಣೆಗೆ ಹೊಲ ಬೇಕು ಎಂಬ ವಿಚಾರವನ್ನು ಇಷ್ಟು ಲೆಕ್ಕಾಚಾರವಾಗಿ ಕಲ್ಲಿನಲ್ಲಿ ಬರೆಸಿದ ನೆಲ ಇದು.

ಅದೇ ಕೃಷ್ಣನ ಕಾಲದ ತಾಮ್ರಪಟವೊಂದರಲ್ಲಿ ‘ದೀಪೋತ್ಸವ’ದ ಉಲ್ಲೇಖವಿದೆ. ರಟ್ಟರ ಸವದತ್ತಿಯ ಶಾಸನವೊಂದು ದೀವಳಿಗೆಯ ಸಂದರ್ಭದ ಜಿನೇಂದ್ರಪೂಜೆಗೆ ಎಣ್ಣೆಯ ದಾನವನ್ನು ಹೇಳುತ್ತದೆ. ಸೋಮದೇವಸೂರಿಗಳು ‘ಯಶಸ್ತಿಲಕ’ವನ್ನು ಮುಗಿಸಿದ್ದೂ ಕೃಷ್ಣನು ಮೇಲ್ಪಾಟಿಯ ಬೀಡಿನಲ್ಲಿದ್ದಾಗಲೇ, ಶಕ 881ರ ಸಿದ್ಧಾರ್ಥಿ ಸಂವತ್ಸರದಲ್ಲಿ, ಎಂದರೆ 959ರಲ್ಲಿ. ಅದರೊಳಗಣ ದೀಪೋತ್ಸವದ ವರ್ಣನೆಯಲ್ಲಿ ಸುಣ್ಣ ಬಳಿದ ಮನೆಗಳು, ಮಾಳಿಗೆಗಳ ಮೇಲಿನ ದೀಪದ ಸಾಲು, ಜೂಜು, ಹಾಡು, ಹೆಂಗಳೆಯರ ವಿನೋದ ಬರುತ್ತವೆ. ಜೈನಾಚಾರ್ಯರೇ ಬರೆದರೂ ಅಲ್ಲಿ ಕಾಣುವುದು ನಗರದ ಲೌಕಿಕ ಸಂಭ್ರಮ. ಇದೇ ಗ್ರಂಥದ ಅಂತ್ಯಪ್ರಶಸ್ತಿಯೂ ಗಮನಾರ್ಹ. ಗ್ರಂಥ ಮುಗಿದ ದಿನ ಚೈತ್ರ ಶುದ್ಧ ತ್ರಯೋದಶಿ, ನಮ್ಮ ಎಣಿಕೆಯಲ್ಲಿ ಮಹಾವೀರನ ಜನ್ಮತಿಥಿ. ಸೋಮದೇವರು ಅದನ್ನು ಹಾಗೆನ್ನದೆ, ಲೋಕದಲ್ಲಿ ನಡೆಯುತ್ತಿದ್ದ ‘ಮದನತ್ರಯೋದಶಿ’ ಎಂಬ ಹೆಸರಿನಿಂದಲೇ ಕರೆದಿದ್ದಾರೆ. ಲೋಕದ ಹೆಸರನ್ನು ಬಳಸುವುದರಿಂದ ಧರ್ಮಕ್ಕೆ ಕುಂದು ಬರುತ್ತದೆಂದು ಆ ಹಿರಿಯರು ಭಾವಿಸಿರಲಿಲ್ಲ.

ನರಸಲಗಿಯ ಶಾಸನದಿಂದ ತಿಳಿಯುವುದು, 965ರಲ್ಲಿ ತರ್ದವಾಡಿ ಸಾಸಿರವನ್ನು ಕೃಷ್ಣನಿಂದ ಅಣುಗಜೀವಿತವಾಗಿ ಪಡೆದು ಆಳುತ್ತಿದ್ದವನು ಚಾಲುಕ್ಯ ತೈಲಪ ಎಂಬುದು. ಎಂಟು ವರ್ಷಗಳ ಅನಂತರ, 973ರಲ್ಲಿ, ಅವನೇ ಕಲ್ಯಾಣ ಚಾಲುಕ್ಯರ ರಾಜ್ಯವನ್ನು ಸ್ಥಾಪಿಸಿದನು. ಅವನ ದಂಡನಾಯಕ ನಾಗದೇವನ ಪತ್ನಿಯೇ ದಾನಚಿಂತಾಮಣಿ ಅತ್ತಿಮಬ್ಬೆ. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಆಕೆಯ ಶಾಸ್ತ್ರದಾನವು ಕನ್ನಡ ಹಸ್ತಪ್ರತಿಗಳ ಇತಿಹಾಸದಲ್ಲಿ ಎಣೆಯಿಲ್ಲದ್ದು. ಗಣರಾಜರು ಹಚ್ಚಿದ್ದು ದ್ರವ್ಯೋದ್ಯೋತವಾದರೆ, ಅತ್ತಿಮಬ್ಬೆ ಸಾವಿರ ಮನೆಗಳಿಗೆ ಕಳುಹಿಸಿದ್ದು ಭಾವೋದ್ಯೋತವನ್ನೇ.

4. ಇಂದಿನ ಆಚರಣೆ

ಈ ತಾಲ್ಲೂಕುಗಳಲ್ಲಿ ದೀವಳಿಗೆಯು ಮುಖ್ಯವಾಗಿ ಒಕ್ಕಲಿನ, ದನಕರುಗಳ ಹಬ್ಬ. ತ್ರಯೋದಶಿಯ ಸಂಜೆ ನೀರು ತುಂಬುವುದು, ಚತುರ್ದಶಿಯ ನಸುಕಿನಲ್ಲಿ ಎರೆದುಕೊಂಡು ಆರತಿ ಬೆಳಗಿಸಿಕೊಳ್ಳುವುದು, ಅಮಾವಾಸ್ಯೆಯಂದು ಅಂಗಡಿಗಳಲ್ಲಿ ಲಕ್ಷ್ಮೀಪೂಜೆ, ಪಾಡ್ಯಕ್ಕೆ ಹಟ್ಟಿ ಹಬ್ಬ. ಹಟ್ಟಿ ಹಬ್ಬದಂದು ಸೆಗಣಿಯಿಂದ ಪಾಂಡವರನ್ನು ಮಾಡಿ, ಹೂವೇರಿಸಿ ಬಾಗಿಲಲ್ಲಿ ಇಡುತ್ತಾರೆ. ಹುಡುಗರು ಕೈಯಲ್ಲಿ ದೀಪ ಹಿಡಿದು ಮನೆಮನೆಯ ದನಗಳಿಗೆ ಬೆಳಗುತ್ತ ‘ಆಣೀ ಪೀಣೀ’ ಹಾಡುತ್ತಾರೆ. ಮುದ್ದೇಬಿಹಾಳ, ಬಾಗೇವಾಡಿ ಕಡೆಯ ಲಂಬಾಣಿ ತಾಂಡಾಗಳಲ್ಲಿ ಅಮಾವಾಸ್ಯೆಯ ರಾತ್ರಿ ಕನ್ಯೆಯರು ದೀಪ ಹಿಡಿದು ‘ಮೇರಾ’ ಹಾಡಿ ಹಿರಿಯರಿಗೆ ಶುಭ ಕೋರುತ್ತಾರೆ. ಇವುಗಳಲ್ಲಿ ಯಾವುದಕ್ಕೂ ಓಲೆಗರಿಯ ಆಧಾರವಿಲ್ಲ; ಬಾಯಿಪಾಠವೇ ಆಧಾರ. ಬಾಯಿಪಾಠವೂ ದಾಖಲೆಯೇ ಎಂಬುದನ್ನು ತೋರಿಸಿಕೊಟ್ಟವರು ಅವಿಭಜಿತ ಇಂಡಿ ತಾಲ್ಲೂಕಿನ ಹಲಸಂಗಿಯ ಗೆಳೆಯರು. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು ಕೂಡಿಸಿದ ‘ಗರತಿಯ ಹಾಡು’ 1931ರಲ್ಲಿ ಪ್ರಕಟವಾಗದಿದ್ದರೆ ಈ ಸೀಮೆಯ ಹೆಣ್ಣುಮಕ್ಕಳ ಎಷ್ಟೋ ಹಾಡುಗಳು ಅಳಿದುಹೋಗುತ್ತಿದ್ದವು.

ಪಾಡ್ಯದ ಬಲಿಯ ವಿಷಯದಲ್ಲಿಯೂ ಒಂದು ಮಾತು ಹೇಳಬೇಕು. ಜೈನ ಪರಂಪರೆಗೆ ಬಲಿ ಅಪರಿಚಿತನಲ್ಲ. ‘ಹರಿವಂಶಪುರಾಣ’ದಲ್ಲಿ ಅವನು ಹಸ್ತಿನಾಪುರದಲ್ಲಿ 700 ಮುನಿಗಳಿಗೆ ಉಪಸರ್ಗವನ್ನುಂಟುಮಾಡಿದ ಮಂತ್ರಿ, ವಿಷ್ಣುಕುಮಾರ ಮುನಿಯು ವಾಮನರೂಪದಿಂದ ಬಂದು ಮೂರಡಿ ನೆಲ ಬೇಡಿ ಆ ಉಪಸರ್ಗವನ್ನು ನೀಗಿಸಿದನು. ಆ ಕಥೆಯನ್ನು ನಮ್ಮವರು ನೆನೆಯುವುದು ಶ್ರಾವಣದ ಹುಣ್ಣಿಮೆಯ ರಕ್ಷಾಬಂಧನದಂದು, ದೀವಳಿಗೆಯಂದಲ್ಲ. ಕಥೆಯು ಒಂದು ತಿಥಿಯಿಂದ ಇನ್ನೊಂದಕ್ಕೆ ಸರಿಯಬಲ್ಲುದು. ದೀಪವು ಮಾತ್ರ ತನ್ನ ಅಮಾವಾಸ್ಯೆಯನ್ನು ಬಿಟ್ಟು ಸರಿದಿಲ್ಲ. ಹಬ್ಬಕ್ಕಿಂತ ಕಥೆ ಹೆಚ್ಚು ಚಲಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

5. ಉಪಸಂಹಾರ

ಇಲ್ಲಿಯವರೆಗಿನ ವಿವೇಚನೆಯಿಂದ ಮೂರು ಸಂಗತಿಗಳು ನಿಲ್ಲುತ್ತವೆ. ದೀವಳಿಗೆಯು ಯಾವುದೇ ಒಂದು ಮತದ ಸ್ವತ್ತೆಂದು ಹಸ್ತಪ್ರತಿಗಳು ಹೇಳುವುದಿಲ್ಲ. ಪ್ರಸಿದ್ಧವಾದ ಹಬ್ಬಕ್ಕೆ ಜೈನಾಚಾರ್ಯರು ನಿರ್ವಾಣದ ಅರ್ಥವನ್ನು ಕೊಟ್ಟರೆಂದು ಮಾತ್ರ ಹೇಳುತ್ತವೆ. ಕಾರ್ತಿಕ, ಆಶ್ವೀಜಗಳ ಭೇದವು ಗಣನೆಯ ಭೇದವೇ ಹೊರತು ಪರಂಪರೆಯ ವಿರೋಧವಲ್ಲ. ಆ ನಿರ್ವಾಣದ ಅರ್ಥದಲ್ಲಿ ದೀಪವು ಜ್ಞಾನದ ಬದಲಿಗೆ ಹಚ್ಚಿದ್ದಾದುದರಿಂದ, ಜ್ಞಾನವು ಎಲ್ಲಿ ಉಳಿದಿದೆಯೋ ಅದನ್ನು ಕಾಯುವುದೇ ಹಬ್ಬದ ಮುಖ್ಯ ಕರ್ತವ್ಯವಾಗುತ್ತದೆ.

ಈ ಕರ್ತವ್ಯದಲ್ಲಿ ನೆರೆಯ ಊರೊಂದು ನಮಗೆ ಮಾದರಿಯಾಗಿದೆ. ಇಂಡಿಯಿಂದ ರೈಲು ಹತ್ತಿ ಭೀಮೆಯನ್ನು ದಾಟಿದರೆ ಸಿಗುವ ಸೊಲ್ಲಾಪುರದಲ್ಲಿ, ಜೀವರಾಜ ಜೈನ ಗ್ರಂಥಮಾಲೆಯು ‘ತಿಲೋಯಪಣ್ಣತ್ತಿ’ಯನ್ನು 1943ರಲ್ಲಿಯೂ 1951ರಲ್ಲಿಯೂ ಎರಡು ಭಾಗಗಳಾಗಿ ಹೊರತಂದಿತು. ‘ಯಶಸ್ತಿಲಕ’ವನ್ನು ಕುರಿತ ಹಂದಿಕಿಯವರ ಪ್ರೌಢಗ್ರಂಥ 1949ರಲ್ಲಿ, ದಕ್ಷಿಣ ಭಾರತದ ಜೈನಧರ್ಮವನ್ನು ಕುರಿತ ಪಿ. ಬಿ. ದೇಸಾಯಿಯವರ ಗ್ರಂಥ 1957ರಲ್ಲಿ ಅಲ್ಲಿಂದಲೇ ಬಂದವು. ನಾವು ಈ ಲೇಖನದಲ್ಲಿ ಆಶ್ರಯಿಸಿದ ಸಂಗತಿಗಳು ಎಷ್ಟೋ ಮಂದಿ ಸಂಪಾದಕರು ಗರಿಗರಿಯನ್ನೂ ಬಿಡಿಸಿ ಓದಿದುದರಿಂದ ದೊರೆತವು.

ಆದರೆ ಮನೆಗಳಲ್ಲಿ ಉಳಿದಿರುವುದರ ಗತಿಯೇನು? ದೀವಳಿಗೆಗೆ ಮುಂಚೆ ಮನೆ ಸಾರಿಸಿ ಸುಣ್ಣ ಬಳಿಯುವಾಗ ಅಟ್ಟದ ಮೇಲಿನ ಗಂಟುಗಳು ಕೆಳಗೆ ಇಳಿಯುತ್ತವೆ. ಓದಲು ಬಾರದ ಗರಿಗಳು, ಮೋಡಿ ಲಿಪಿಯ ಕಾಗದಗಳು, ಹುಳು ಹಿಡಿದ ಪೂಜಾಪುಸ್ತಕಗಳು ಒಮ್ಮೊಮ್ಮೆ ಕಸದೊಡನೆ ಹೋಗುತ್ತವೆ, ಒಮ್ಮೊಮ್ಮೆ ಪೂಜ್ಯಭಾವದಿಂದಲೇ ಹೊಳೆಯ ಪಾಲಾಗುತ್ತವೆ. ಅಂಗಡಿಗಳಲ್ಲಿ ಹೊಸ ಕೀರ್ದಿ, ಖತಾವಣಿಗಳಿಗೆ ಪೂಜೆಯಾಗುವ ದಿನವೇ ಹಳೆಯವು ಮೂಲೆ ಸೇರುತ್ತವೆ. ಮಿತಿ, ವಾರ, ಸಂವತ್ಸರಗಳನ್ನು ತಪ್ಪದೆ ಬರೆಯುತ್ತಿದ್ದ ಆ ಲೆಕ್ಕದ ಪುಸ್ತಕಗಳು ತಿಥಿನಿರ್ಣಯಕ್ಕೆ ಎಷ್ಟು ಉಪಯುಕ್ತವೆಂಬುದನ್ನು ಅವುಗಳ ಒಡೆಯರು ಅರಿತಿರುವುದಿಲ್ಲ. ಹಳೆಯ ಪ್ರತಿಗಳನ್ನು ಹೊರತೆಗೆದು, ಧೂಳು ಕೊಡಹಿ, ಹೊಸ ಬಟ್ಟೆಯಲ್ಲಿ ಕಟ್ಟಿಡಲು ನಮ್ಮ ಹಿರಿಯರು ಜ್ಯೇಷ್ಠ ಶುದ್ಧ ಪಂಚಮಿಯ ಶ್ರುತಪಂಚಮಿಯನ್ನು ಗೊತ್ತುಮಾಡಿದ್ದರು. ಆ ದಿನದ ಎಚ್ಚರವು ದೀವಳಿಗೆಯ ಸಾರಣೆಯ ದಿನಗಳಿಗೂ ಸಲ್ಲಬೇಕು.

ಆದುದರಿಂದ ಈ ನಾಲ್ಕು ತಾಲ್ಲೂಕುಗಳ ಓದುಗರಲ್ಲಿ ನಮ್ಮ ವಿನಂತಿ ಇಷ್ಟೇ. ಮುಂದಿನ ದೀವಳಿಗೆಗೆ ಅಟ್ಟದಿಂದ ಇಳಿಸಿದ ಗಂಟನ್ನು ಬಿಸಾಡುವ ಮೊದಲು ಒಮ್ಮೆ ಬಿಚ್ಚಿ ನೋಡಬೇಕು. ಓದಲು ಬಾರದಿದ್ದರೆ ಬಲ್ಲವರಿಗೆ ತೋರಿಸಬೇಕು. ಜಾತಿ ಮತಗಳ ಎಣಿಕೆಯಿಲ್ಲದೆ, ಜೈನರದೋ ವೀರಶೈವರದೋ ವೈದಿಕರದೋ ಎನ್ನದೆ, ಬರೆದುದೆಲ್ಲವನ್ನೂ ಉಳಿಸಬೇಕು. ಪಾವಿಟ್ಟಗೆಯ ಹನ್ನೆರಡು ನಿವರ್ತನ ಹೊಲದ ಎಣ್ಣೆ ಎಂದೋ ತೀರಿತು. ಆ ಬೆಳಕಿನಲ್ಲಿ ಓದಿದವರ ಹೆಸರುಗಳೂ ನಮಗೆ ಉಳಿದಿಲ್ಲ. ದೀಪಕ್ಕೆ ಹೊಲ ಬಿಟ್ಟರೆಂಬ ಸಂಗತಿ ಮಾತ್ರ, ಕಲ್ಲಿನ ಮೇಲೆ ಬರೆದುದರಿಂದ, ಸಾವಿರ ವರ್ಷ ದಾಟಿ ನಮ್ಮವರೆಗೆ ಬಂದಿದೆ.